ಅಳತೆ ಮೊದಲು, ಅಂಗಡಿ ಆಮೇಲೆ: ಕಡಿಮೆ ಖರ್ಚಿನಲ್ಲಿ ನಿಮಗೊಪ್ಪುವ ಗಾಲ್ಫ್ ಕ್ಲಬ್

ಹೆಸರಾಂತ ಕಂಪನಿಯ ಹೊಸ ಡ್ರೈವರ್ ಒಂದಕ್ಕೇ ಇವತ್ತು ಅರ್ಧ ಲಕ್ಷ ರೂಪಾಯಿಯ ಆಸುಪಾಸು ಬೆಲೆ. ಅದಕ್ಕೆ ಐರನ್‌ಗಳು, ವೆಜ್, ಪಟರ್, ಚೀಲ ಎಂದು ಸೇರಿಸುತ್ತ ಹೋದರೆ ಲೆಕ್ಕ ಲಕ್ಷಗಳನ್ನು ದಾಟುತ್ತದೆ. ಇಷ್ಟೆಲ್ಲ ಸುರಿದು ತಂದ ಕ್ಲಬ್ಬು ಆಡುವವರ ಎತ್ತರಕ್ಕೆ, ಕೈಯ ಉದ್ದಕ್ಕೆ, ಬೀಸಿನ ವೇಗಕ್ಕೆ ಹೊಂದದೆ ಇರುವುದು ಮಾತ್ರ ನಮ್ಮ ಕೋರ್ಸ್‌ಗಳಲ್ಲಿ ಸಾಮಾನ್ಯ ದೃಶ್ಯ. ಚೆಂಡು ಎಡಕ್ಕೋ ಬಲಕ್ಕೋ ಹೋದಾಗಲೆಲ್ಲ ಆಟಗಾರ ತನ್ನ ಬೀಸನ್ನೇ ದೂರಿಕೊಳ್ಳುತ್ತಾನೆ. ಕೋಚ್ ಬಳಿ ಹೋಗಿ ಬೀಸನ್ನು ತಿದ್ದಿಸಿಕೊಳ್ಳುತ್ತಾನೆ. ಕೈಯಲ್ಲಿರುವ ಕೋಲು ತನಗಿಂತ ನಾಲ್ಕು ಇಂಚು ಎತ್ತರದವನಿಗಾಗಿ ತಯಾರಾದದ್ದು ಎಂಬ ಅನುಮಾನ ಅವನಿಗೆ ಬರುವುದೇ ಇಲ್ಲ.

ಅಳತೆಗೆ ತಕ್ಕಂತೆ ಮಾಡಿಸಿದ ಕ್ಲಬ್ ಎಂದರೆ ಸ್ಪರ್ಧೆಗಳಲ್ಲಿ ಆಡುವವರ ಅಥವಾ ದುಡ್ಡುಳ್ಳವರ ವ್ಯವಹಾರ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಸರಿಯಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಐರನ್ ಸೆಟ್ಟೊಂದನ್ನು ಕೊಂಡು, ಅದರ ಉದ್ದ, ಕೋನ ಮತ್ತು ಹಿಡಿಯನ್ನು ನಿಮಗೆ ಹೊಂದಿಸಿಕೊಂಡರೆ ಒಟ್ಟು ಖರ್ಚು ಹೊಸ ಡ್ರೈವರ್ ಒಂದರ ಬೆಲೆಯೊಳಗೇ ಮುಗಿಯಬಹುದು. ಇದಕ್ಕೆ ಬೇಕಾದ್ದು ಒಂದು ಅಳತೆ ಟೇಪು, ಒಂದು ಮಾರ್ಕರ್ ಪೆನ್ನು, ಸ್ವಲ್ಪ ತಾಳ್ಮೆ. ಈ ಲೇಖನ ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಕೊಡಗಿನ ಕೋರ್ಸ್‌ಗಳಲ್ಲಿ ಆಡುವ, ಆಡಲು ಬಯಸುವ ಸಾಧಾರಣ ಆದಾಯದ ಓದುಗರಿಗಾಗಿ. ವಿದೇಶದಲ್ಲಿದ್ದು ಅಲ್ಲೇ ಕೊಳ್ಳಬಯಸುವ ಕನ್ನಡಿಗರಿಗೂ ಇದರಲ್ಲಿ ಉಪಯುಕ್ತ ಸಂಗತಿಗಳಿವೆ.

ಕ್ಲಬ್ಬಿನ ಮೂರು ಭಾಗಗಳು

ಪ್ರತಿ ಕ್ಲಬ್ಬಿನಲ್ಲೂ ಇರುವುದು ಮೂರೇ ಭಾಗ: ಚೆಂಡಿಗೆ ತಗಲುವ ಹೆಡ್, ಉದ್ದನೆಯ ಶಾಫ್ಟ್, ಕೈ ಹಿಡಿಯುವ ಗ್ರಿಪ್. ಹೆಡ್ಡಿನ ಕುತ್ತಿಗೆಯ ತೂತಿಗೆ ಹೋಸೆಲ್ ಎಂದು ಹೆಸರು. ಶಾಫ್ಟಿನ ತುದಿಯನ್ನು ಅದರೊಳಗೆ ಎಪಾಕ್ಸಿ ಅಂಟಿನಿಂದ ಕೂರಿಸುತ್ತಾರೆ. ಮೇಲಿನ ತುದಿಗೆ ಎರಡೂ ಕಡೆ ಅಂಟಿರುವ ಟೇಪು ಸುತ್ತಿ ರಬ್ಬರ್ ಗ್ರಿಪ್ ಏರಿಸುತ್ತಾರೆ. ರೈತರು ಗುದ್ದಲಿಯನ್ನು ಕಮ್ಮಾರನಿಂದ ತಂದು, ಕಾವನ್ನು ಮಾತ್ರ ತಮ್ಮ ಆಳ್ತನಕ್ಕೆ, ಕೈಹಿಡಿತಕ್ಕೆ ಸರಿಯಾಗಿ ಕೆತ್ತಿ ಹಾಕಿಕೊಳ್ಳುತ್ತಾರಲ್ಲ, ಇದರ ತತ್ವವೂ ಅಷ್ಟೇ. ಹೆಡ್ ಯಾರದ್ದಾದರೂ ಇರಲಿ, ಕೋಲು ಮತ್ತು ಹಿಡಿ ನಿಮ್ಮದಾಗಿರಬೇಕು.

ಆಟದ ಇತಿಹಾಸದಲ್ಲೂ ಮೊದಲು ಇದ್ದದ್ದು ಈ ಪದ್ಧತಿಯೇ. ಸ್ಕಾಟ್ಲೆಂಡಿನಲ್ಲಿ ಹಿಕರಿ ಮರದ ಶಾಫ್ಟುಗಳ ಕಾಲದಲ್ಲಿ ಕ್ಲಬ್‌ಗಳನ್ನು ಕುಶಲಕರ್ಮಿಗಳು ಒಂದೊಂದಾಗಿ ಕೈಯಿಂದ ಮಾಡುತ್ತಿದ್ದರು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1924ರಲ್ಲಿ, ಸ್ಕಾಟ್ಲೆಂಡಿನ ಆರ್ ಅಂಡ್ ಎ 1929ರಲ್ಲಿ ಉಕ್ಕಿನ ಶಾಫ್ಟಿಗೆ ಒಪ್ಪಿಗೆ ಕೊಟ್ಟವು. ಆಮೇಲೆ ಕಾರ್ಖಾನೆಗಳು ಒಂದೇ ಅಳತೆಯ ಸೆಟ್‌ಗಳನ್ನು ಸಾವಿರಗಟ್ಟಲೆ ತಯಾರಿಸತೊಡಗಿದವು. ಬೆಲೆ ಇಳಿಯಿತು, ಆಟ ಹರಡಿತು, ಆದರೆ ಅಳತೆ ಕೇಳುವವರು ಕಡಿಮೆಯಾದರು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟೆನ್ ಸೋಲ್‌ಹೈಮ್ 1959ರಲ್ಲಿ ತಮ್ಮ ಗ್ಯಾರೇಜಿನಲ್ಲಿ ಪಿಂಗ್ ಕಂಪನಿಯನ್ನು ಶುರುಮಾಡಿದರು. ಮುಂದೆ ಅದೇ ಕಂಪನಿ ಎತ್ತರ ಮತ್ತು ಮಣಿಕಟ್ಟಿನಿಂದ ನೆಲದವರೆಗಿನ ಅಂತರ ನೋಡಿ ಕ್ಲಬ್ಬಿನ ಕೋನ ನಿರ್ಧರಿಸುವ ಬಣ್ಣದ ಚುಕ್ಕೆಗಳ ಪಟ್ಟಿಯನ್ನು ತಂದು, ಅಳತೆಯ ಮಾತನ್ನು ಸಾಮಾನ್ಯ ಆಟಗಾರರವರೆಗೆ ಮುಟ್ಟಿಸಿತು. ಅದರಲ್ಲಿ ಕಪ್ಪು ಚುಕ್ಕೆ ಎಂದರೆ ಕಂಪನಿಯ ಸಾಮಾನ್ಯ ಕೋನ. ಹಳೆಯ ಪಿಂಗ್ ಐರನ್ ಕೊಳ್ಳುವವರು ಹೋಸೆಲ್ ಹತ್ತಿರದ ಈ ಚುಕ್ಕೆಯನ್ನು ಮೊದಲು ನೋಡಬೇಕು.

ಅಂಗಡಿಯ 'ಸ್ಟ್ಯಾಂಡರ್ಡ್' ಯಾರ ಅಳತೆ?

ಅಂಗಡಿಯಲ್ಲಿ ಸಿಗುವ ಗಂಡಸರ ಸೆಟ್ ಹೆಚ್ಚುಕಡಿಮೆ 5 ಅಡಿ 9–10 ಇಂಚಿನ ಆಟಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದದ್ದು. ಅಮೆರಿಕದ ಗಂಡಸರ ಸರಾಸರಿ ಎತ್ತರ ಅದರ ಹತ್ತಿರವೇ ಇದೆ. ನಮ್ಮಲ್ಲಿ ಸರಾಸರಿ ಸುಮಾರು 5 ಅಡಿ 5 ಇಂಚು. ಹಾಗೆಂದು ಎತ್ತರವೊಂದನ್ನೇ ನೋಡಿ ಕ್ಲಬ್ ಕತ್ತರಿಸಬಾರದು. ಎತ್ತರ ಕಡಿಮೆ ಇದ್ದವರ ತೋಳೂ ಗಿಡ್ಡವಾಗಿದ್ದರೆ ಅವರ ಕೈ ನೆಲದಿಂದ ಎತ್ತರದಲ್ಲೇ ಇರುತ್ತದೆ, ಸಾಮಾನ್ಯ ಉದ್ದದ ಕ್ಲಬ್ಬೇ ಅವರಿಗೆ ಒಪ್ಪಬಹುದು. ತೋಳು ಉದ್ದವಿರುವ ಆರಡಿ ಎತ್ತರದವರಿಗೂ ಇದೇ ಮಾತು ಅನ್ವಯಿಸುತ್ತದೆ. ಅದಕ್ಕೇ ಮಣಿಕಟ್ಟಿನ ಅಳತೆ ಬೇಕು.

ಉದ್ದಕ್ಕಿಂತಲೂ ಹೆಚ್ಚು ಜನರನ್ನು ಕಾಡುವುದು ಲೈ ಕೋನ. ಕ್ಲಬ್ಬಿನ ತಳ ನೆಲಕ್ಕೆ ಸಮನಾಗಿ ಕೂತಾಗ ಶಾಫ್ಟ್ ನೆಲದೊಂದಿಗೆ ಮಾಡುವ ಕೋನ ಅದು. ಬಲಗೈ ಆಟಗಾರನಿಗೆ ಈ ಕೋನ ಬೇಕಾದ್ದಕ್ಕಿಂತ ಹೆಚ್ಚಾಗಿದ್ದರೆ ಹೆಡ್ಡಿನ ತುದಿ ಮೇಲಕ್ಕೆದ್ದು, ಚೆಂಡು ಎಡಕ್ಕೆ ಹೊರಡುತ್ತದೆ. ಕಡಿಮೆಯಾಗಿದ್ದರೆ ಬಲಕ್ಕೆ. ಹೆಡ್ಡಿನ ಮುಖ ಎಷ್ಟು ಹಿಂದಕ್ಕೆ ಬಾಗಿದೆಯೋ, ಅಂದರೆ ಲಾಫ್ಟ್ ಎಷ್ಟು ಹೆಚ್ಚಿದೆಯೋ, ಈ ದೋಷ ಅಷ್ಟು ದೊಡ್ಡದಾಗುತ್ತದೆ. ಡ್ರೈವರ್‌ನಲ್ಲಿ ಇದು ಗಮನಕ್ಕೇ ಬಾರದಷ್ಟು ಚಿಕ್ಕದು. ಆದರೆ 9-ಐರನ್‌ನ ಲೈ 3 ಡಿಗ್ರಿ ತಪ್ಪಿದ್ದರೆ ನೂರು ಮೀಟರ್ ದೂರಕ್ಕೆ ಚೆಂಡು ನಾಲ್ಕೈದು ಮೀಟರ್ ಪಕ್ಕಕ್ಕೆ ಬೀಳುತ್ತದೆ. ಗ್ರೀನ್ ಮೇಲೆ ಬೀಳಬೇಕಾದದ್ದು ಬಂಕರಿನ ಮರಳು ಸೇರುವುದಕ್ಕೆ ಅಷ್ಟು ಸಾಕು. ಬೀಸು ಚೆನ್ನಾಗಿದ್ದೂ ಹೀಗಾಗುತ್ತದೆ ಎಂಬುದನ್ನು ಹೊಸಬರು ತಿಳಿದಿರಬೇಕು.

ಮನೆಯಲ್ಲಿ, ಅಭ್ಯಾಸದ ರೇಂಜಿನಲ್ಲಿ ನೀವೇ ಮಾಡಬಹುದಾದ ಅಳತೆಗಳು

ಕ್ಲಬ್ ಕೊಳ್ಳುವ ಮೊದಲು ಈ ಐದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

*ಮಣಿಕಟ್ಟಿನಿಂದ ನೆಲ.* ಆಡುವಾಗ ಹಾಕುವ ಶೂ ಧರಿಸಿ ನೇರವಾಗಿ ನಿಲ್ಲಿ. ಭುಜ ಸಡಿಲವಿರಲಿ, ಕೈಗಳು ತಾವಾಗಿ ತೂಗಾಡಲಿ. ಅಂಗೈ ಬುಡದ ಗೆರೆಯಿಂದ ನೆಲದವರೆಗೆ ಇನ್ನೊಬ್ಬರಿಂದ ಅಳೆಸಿ. ನೀವೇ ಬಗ್ಗಿ ಅಳೆದರೆ ತಪ್ಪಾಗುತ್ತದೆ. ಈ ಅಂಕಿ ಮತ್ತು ನಿಮ್ಮ ಎತ್ತರ ಎರಡೂ ಇದ್ದರೆ ಕಂಪನಿಗಳ ಪಟ್ಟಿಯಲ್ಲಿ ನಿಮ್ಮ ಆರಂಭದ ಉದ್ದ ಮತ್ತು ಲೈ ಸಿಗುತ್ತದೆ.

*ಗ್ರಿಪ್ಪಿನ ದಪ್ಪ.* ಬಲಗೈ ಆಟಗಾರರು ಎಡಗೈಯಿಂದ ಕ್ಲಬ್ ಹಿಡಿದು ನೋಡಿ. ನಡುಬೆರಳು ಮತ್ತು ಉಂಗುರಬೆರಳಿನ ತುದಿಗಳು ಹೆಬ್ಬೆರಳ ಬುಡದ ಮೆತ್ತೆಯನ್ನು ಮೆಲ್ಲಗೆ ಮುಟ್ಟಿದರೆ ದಪ್ಪ ಸರಿ. ಬೆರಳು ಮೆತ್ತೆಯೊಳಗೆ ಚುಚ್ಚುತ್ತಿದ್ದರೆ ಗ್ರಿಪ್ ಸಣ್ಣದು, ಮುಟ್ಟದೆ ಅಂತರ ಉಳಿದರೆ ದಪ್ಪವಾಯಿತು. ಒಂದೆರಡು ಸುತ್ತು ಹೆಚ್ಚು ಟೇಪು ಹಾಕಿಯೂ ದಪ್ಪ ಹೆಚ್ಚಿಸಬಹುದು. ಬೆರಳ ಗಂಟುಗಳಲ್ಲಿ ನೋವಿರುವ ಹಿರಿಯರಿಗೆ ದಪ್ಪ, ಮೆತ್ತನೆಯ ಗ್ರಿಪ್ ದೊಡ್ಡ ಉಪಕಾರ ಮಾಡುತ್ತದೆ.

*ಲೈ ಪರೀಕ್ಷೆ.* ಚೆಂಡಿನ ಹಿಂಬದಿಯಲ್ಲಿ ಮಾರ್ಕರ್‌ನಿಂದ ದಪ್ಪನೆಯ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಮುಖಕ್ಕೆ ಎದುರಾಗುವಂತೆ ಮ್ಯಾಟ್ ಮೇಲಿಡಿ. 7-ಐರನ್‌ನಿಂದ ಹೊಡೆದರೆ ಮುಖದ ಮೇಲೆ ಗೆರೆಯ ಅಚ್ಚು ಮೂಡುತ್ತದೆ. ಅದು ಮುಖದ ಅಡ್ಡಗೆರೆಗಳಿಗೆ ನೆಟ್ಟಗಿದ್ದರೆ ಲೈ ಸರಿ. ಗೆರೆಯ ಮೇಲ್ತುದಿ ಹೆಡ್ಡಿನ ಹೊರತುದಿಯ ಕಡೆ ವಾಲಿದ್ದರೆ ಕೋನ ಹೆಚ್ಚು, ಹೋಸೆಲ್ ಕಡೆ ವಾಲಿದ್ದರೆ ಕೋನ ಕಡಿಮೆ. ಒಂದು ಹೊಡೆತ ನೋಡಿ ತೀರ್ಮಾನಿಸಬೇಡಿ. ಹತ್ತಾರು ಹೊಡೆದು, ಹೆಚ್ಚು ಸಲ ಬಂದದ್ದನ್ನು ಬರೆದುಕೊಳ್ಳಿ.

*ಚೆಂಡು ತಗಲುವ ಜಾಗ.* ಬಿಳಿ ಬೋರ್ಡಿಗೆ ಬಳಸುವ ಮಾರ್ಕರನ್ನು ಕ್ಲಬ್ಬಿನ ಮುಖಕ್ಕೆ ಹಚ್ಚಿ ಹೊಡೆಯಿರಿ. ಚೆಂಡು ಎಲ್ಲಿ ತಗಲಿತೋ ಅಲ್ಲಿ ಗುರುತು ಉಳಿಯುತ್ತದೆ. ಗುರುತುಗಳು ಮುಖದ ತುಂಬ ಚದುರಿದ್ದರೆ ಗ್ರಿಪ್ಪನ್ನು ಅರ್ಧ, ಆಮೇಲೆ ಒಂದು ಇಂಚು ಕೆಳಗೆ ಹಿಡಿದು ಮತ್ತೆ ಹೊಡೆಯಿರಿ. ಗುರುತುಗಳು ನಡುವಿಗೆ ಒಟ್ಟಾಗತೊಡಗಿದರೆ ನಿಮಗೆ ಗಿಡ್ಡ ಕ್ಲಬ್ ಬೇಕೆಂದು ಅರ್ಥ. ಡ್ರೈವರ್‌ನಲ್ಲಿ ಈ ಪರೀಕ್ಷೆ ತುಂಬ ಬೆಲೆಬಾಳುತ್ತದೆ. ಅಂಗಡಿಯ ಡ್ರೈವರ್‌ಗಳು ಹೆಚ್ಚಾಗಿ 45.5 ಇಂಚಿನ ಆಸುಪಾಸು ಇರುತ್ತವೆ. ವೃತ್ತಿಪರರಲ್ಲೇ ಎಷ್ಟೋ ಜನ ಅದಕ್ಕಿಂತ ಗಿಡ್ಡದನ್ನು ಬಳಸುವಾಗ, ವಾರಕ್ಕೊಮ್ಮೆ ಆಡುವವರಿಗೆ 44 ಇಂಚು ಸಾಕಾಗುವುದು ಆಶ್ಚರ್ಯವಲ್ಲ.

*ಬೀಸಿನ ವೇಗ.* ಈಗ ಹಲವು ರೇಂಜ್ ಮತ್ತು ಅಕಾಡೆಮಿಗಳಲ್ಲಿ ವೇಗ ಅಳೆಯುವ ಯಂತ್ರಗಳಿವೆ. ಡ್ರೈವರ್ ಬೀಸು ಗಂಟೆಗೆ 75 ಮೈಲಿಯೊಳಗಿದ್ದರೆ ಲೇಡೀಸ್, 75–85 ಇದ್ದರೆ ಸೀನಿಯರ್, 85–95ಕ್ಕೆ ರೆಗ್ಯುಲರ್, 95–105ಕ್ಕೆ ಸ್ಟಿಫ್, ಅದಕ್ಕೂ ಮೇಲೆ ಎಕ್ಸ್ಟ್ರಾ ಸ್ಟಿಫ್ ಶಾಫ್ಟ್ ಎಂಬುದು ರೂಢಿಯ ಲೆಕ್ಕ. ಯಂತ್ರವಿಲ್ಲದಿದ್ದರೆ, ನಿಮ್ಮ ಡ್ರೈವರ್ ಚೆಂಡು ನೆಲ ಮುಟ್ಟುವ ದೂರ ಸುಮಾರು 180ರಿಂದ 210 ಗಜ ಇದ್ದರೆ ರೆಗ್ಯುಲರ್‌ನಿಂದ ಶುರುಮಾಡಿ. ಒಂದು ಮಾತು ನೆನಪಿರಲಿ: ಶಾಫ್ಟಿನ ಬಿಗಿತದ ಈ ಹೆಸರುಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಮಾನದಂಡವಿಲ್ಲ. ಒಂದು ಕಂಪನಿಯ ರೆಗ್ಯುಲರ್ ಇನ್ನೊಂದರ ಸ್ಟಿಫ್‌ನಷ್ಟೇ ಬಿಗಿಯಾಗಿರಬಹುದು. ಆದ್ದರಿಂದ ಶಾಫ್ಟಿನ ಮೇಲಿನ ಅಕ್ಷರಕ್ಕಿಂತ ತೂಕವನ್ನು ಹೆಚ್ಚು ಗಮನಿಸಿ. ಐರನ್‌ಗಳ ಉಕ್ಕಿನ ಶಾಫ್ಟ್ ಹಗುರವಾದರೆ 95 ಗ್ರಾಂ, ಭಾರವಾದರೆ 130 ಗ್ರಾಂ. ಗ್ರಾಫೈಟ್ ಆದರೆ 50ರಿಂದ 80 ಗ್ರಾಂ ಸಾಮಾನ್ಯ. ಹದಿನೆಂಟು ಹೋಲ್ ಮುಗಿಯುವ ಹೊತ್ತಿಗೆ ತೋಳು ಸೋಲುವುದೋ ಇಲ್ಲವೋ ಎಂಬುದನ್ನು ಈ ವ್ಯತ್ಯಾಸವೇ ನಿರ್ಧರಿಸುತ್ತದೆ.

ಕಡಿಮೆ ಖರ್ಚಿನ ನಾಲ್ಕು ದಾರಿ

ಒಂದು, ಇರುವುದನ್ನೇ ಹೊಂದಿಸಿಕೊಳ್ಳುವುದು. ಮನೆಯಲ್ಲಿ ಈಗಾಗಲೇ ಸೆಟ್ ಇದ್ದರೆ ಮೊದಲು ಅದನ್ನೇ ತಿದ್ದಿಸಿ. ಹೊಸ ಗ್ರಿಪ್, ಲೈ ತಿದ್ದುವಿಕೆ, ಬೇಕಿದ್ದರೆ ಅರ್ಧ ಇಂಚು ಕತ್ತರಿಸುವುದು, ಇಷ್ಟರಲ್ಲೇ ಆಟ ಬದಲಾದವರಿದ್ದಾರೆ. ಗ್ರಿಪ್ ಬದಲಾಯಿಸುವುದನ್ನು ನೀವೇ ಕಲಿಯಬಹುದು. ಹಳೆಯದನ್ನು ಬ್ಲೇಡಿನಿಂದ ಸೀಳಿ ತೆಗೆದು, ಹಳೆಯ ಟೇಪು ಕೆರೆದು, ಹೊಸ ಟೇಪು ಹಚ್ಚಿ, ಪೇಂಟ್ ಅಂಗಡಿಯ ಟರ್ಪೆಂಟೈನ್ ಸುರಿದು ಗ್ರಿಪ್ ಜಾರಿಸಿದರೆ ಆಯಿತು. ಗಾಳಿ ಆಡುವ ಜಾಗದಲ್ಲಿ, ಬೆಂಕಿಯಿಂದ ದೂರ ಕೂತು ಮಾಡಿ. ಒಂದು ರಾತ್ರಿ ಒಣಗಲು ಬಿಡಿ. ಗ್ರಾಫೈಟ್ ಶಾಫ್ಟನ್ನು ಹೆಡ್ಡಿನಿಂದ ಬಿಡಿಸುವ ಕೆಲಸಕ್ಕೆ ಮಾತ್ರ ಮನೆಯಲ್ಲಿ ಕೈಹಾಕಬೇಡಿ. ಬಿಸಿ ಸ್ವಲ್ಪ ಹೆಚ್ಚಾದರೂ ಒಳಗಿನ ನಾರು ಹಾಳಾಗುತ್ತದೆ.

ಎರಡು, ಹಳೆಯದನ್ನು ಕೊಂಡು ತಿದ್ದಿಸುವುದು. ನನ್ನ ದೃಷ್ಟಿಯಲ್ಲಿ ಸಾಧಾರಣ ಆದಾಯದವರಿಗೆ ಇದೇ ಅತ್ಯುತ್ತಮ ದಾರಿ. ಕೋರ್ಸ್‌ನ ಸದಸ್ಯರು ಎರಡು ಮೂರು ವರ್ಷಕ್ಕೊಮ್ಮೆ ಸೆಟ್ ಬದಲಿಸುತ್ತಾರೆ. ಪ್ರೊ ಶಾಪ್‌ನವರಿಗೆ, ಕ್ಯಾಡಿಗಳಿಗೆ, ಕೋಚ್‌ಗಳಿಗೆ ಹೇಳಿಟ್ಟರೆ ಮಾರಾಟದ ಸುದ್ದಿ ನಿಮಗೆ ತಲುಪುತ್ತದೆ. ಐರನ್ ತಂತ್ರಜ್ಞಾನ ಐದಾರು ವರ್ಷದಲ್ಲಿ ಸಾಮಾನ್ಯ ಆಟಗಾರನ ಅರಿವಿಗೆ ಬರುವಷ್ಟು ಬದಲಾಗುವುದಿಲ್ಲ. ಕೊಳ್ಳುವಾಗ ಮುಖದ ಗೆರೆಗಳು ಸವೆದಿವೆಯೇ, ಹೆಡ್ ಅಲುಗಾಡುತ್ತದೆಯೇ, ಆಡಿಸಿದರೆ ಒಳಗೆ ಗಲಗಲ ಸದ್ದು ಬರುತ್ತದೆಯೇ, ಶಾಫ್ಟಿನಲ್ಲಿ ತುಕ್ಕು ಅಥವಾ ಕೂದಲೆಳೆಯ ಬಿರುಕು ಇದೆಯೇ ನೋಡಿ. ಎಲ್ಲ ಐರನ್‌ಗಳಲ್ಲೂ ಒಂದೇ ಶಾಫ್ಟ್ ಇದೆಯೇ ಎಂಬುದನ್ನು ಅದರ ಮೇಲಿನ ಪಟ್ಟಿ ಓದಿ ಖಚಿತಪಡಿಸಿಕೊಳ್ಳಿ. ತಿದ್ದಿಸುವ ಉದ್ದೇಶವಿದ್ದರೆ ಹೆಡ್ಡಿನ ಲೋಹವೂ ಮುಖ್ಯ. ಮೆದು ಕಾರ್ಬನ್ ಉಕ್ಕನ್ನು ಬಡಿದು ಮಾಡಿದ ಹೆಡ್ ಸುಲಭವಾಗಿ ಬಗ್ಗುತ್ತದೆ. 17-4 ದರ್ಜೆಯ ಸ್ಟೇನ್‌ಲೆಸ್ ಉಕ್ಕನ್ನು ಎರಕಹೊಯ್ದ ಹೆಡ್ ಬಲು ಗಟ್ಟಿ, ಒಂದೆರಡು ಡಿಗ್ರಿಗಿಂತ ಹೆಚ್ಚು ಬಗ್ಗಿಸಲು ಹೋದರೆ ಮುರಿಯುವ ಅಪಾಯವಿದೆ.

ಮೂರು, ಕಂಪನಿಯಿಂದಲೇ ಅಳತೆಗೆ ತರಿಸುವುದು. ದೊಡ್ಡ ಕಂಪನಿಗಳು ಉದ್ದ, ಲೈ, ಶಾಫ್ಟ್, ಗ್ರಿಪ್ ಆಯ್ಕೆಯೊಂದಿಗೆ ಆರ್ಡರ್ ತೆಗೆದುಕೊಳ್ಳುತ್ತವೆ. ಸಾಮಾನ್ಯ ಶಾಫ್ಟನ್ನೇ ಇಟ್ಟುಕೊಂಡು ಉದ್ದ, ಲೈ ಮಾತ್ರ ಬದಲಿಸಿದರೆ ಎಷ್ಟೋ ವೇಳೆ ಹೆಚ್ಚಿನ ಹಣ ಕೇಳುವುದಿಲ್ಲ. ಹೊಸ ಸೆಟ್ಟನ್ನೇ ಕೊಳ್ಳಲು ನಿರ್ಧರಿಸಿದವರು ಅಂಗಡಿಯಲ್ಲಿ ಇರುವುದನ್ನು ಎತ್ತಿಕೊಂಡು ಬರದೆ, ಕೆಲವು ವಾರ ಕಾದು ತಮ್ಮ ಅಳತೆಯದ್ದನ್ನೇ ತರಿಸಬೇಕು. ಹಿಂದಿನ ವರ್ಷದ ಮಾದರಿಯನ್ನು ಹೀಗೆ ತರಿಸಿದರೆ ಬೆಲೆಯೂ ಇಳಿಯುತ್ತದೆ. ಅಳತೆ ತೆಗೆಯುವ ಫಿಟ್ಟಿಂಗ್‌ಗೆ ಶುಲ್ಕವಿದ್ದರೆ, ಕೊಂಡಾಗ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆಯೇ ಎಂದು ಮೊದಲೇ ಕೇಳಿ.

ನಾಲ್ಕು, ಬಿಡಿಭಾಗಗಳಿಂದ ಕಟ್ಟಿಸುವುದು. ಹೆಡ್, ಶಾಫ್ಟ್, ಗ್ರಿಪ್ಪುಗಳನ್ನು ಬೇರೆ ಬೇರೆ ಕೊಂಡು ಕುಶಲಕರ್ಮಿಯಿಂದ ಜೋಡಿಸುವ ಈ ಪದ್ಧತಿ ಅಮೆರಿಕದಲ್ಲಿ ದೊಡ್ಡದಾಗಿ ಬೆಳೆಯಿತು. 1967ರಲ್ಲಿ ಶುರುವಾದ ಗಾಲ್ಫ್‌ಸ್ಮಿತ್ ಬಿಡಿಭಾಗಗಳ ವ್ಯಾಪಾರದಿಂದಲೇ ಹೆಸರು ಮಾಡಿ, 2016ರಲ್ಲಿ ದಿವಾಳಿಯಾಯಿತು. ರಾಲ್ಫ್ ಮಾಲ್ಟ್‌ಬಿ ಕಟ್ಟಿದ ಒಹಾಯೊದ ಗಾಲ್ಫ್‌ವರ್ಕ್ಸ್ ಮತ್ತು ಕ್ಯಾಲಿಫೋರ್ನಿಯದ ಹೈರೆಕೊ ಈ ಕ್ಷೇತ್ರದ ಪರಿಚಿತ ಹೆಸರುಗಳು. ಹೆಡ್ ವಿನ್ಯಾಸಕ ಟಾಮ್ ವಿಶನ್ ಅಳತೆಯ ಮಹತ್ವವನ್ನು ಸಾಮಾನ್ಯ ಓದುಗರಿಗಾಗಿ ಪುಸ್ತಕಗಳಲ್ಲೂ ಬರೆದರು. ಇಲಿನಾಯ್‌ನ ಸಬ್ 70 ಥರದ ಕಂಪನಿಗಳು ನಡುವಿನ ಅಂಗಡಿಗಳ ಲಾಭವಿಲ್ಲದೆ, ಆಟಗಾರರ ಅಳತೆಗೆ ಕಟ್ಟಿ ನೇರವಾಗಿ ಕಳಿಸುತ್ತವೆ. ಇವುಗಳ ಬೆಲೆಯಲ್ಲಿ ಟೂರ್ ಆಟಗಾರರ ಜಾಹೀರಾತಿನ ಖರ್ಚು ಇಲ್ಲದಿರುವುದರಿಂದ ಅದೇ ಗುಣಮಟ್ಟ ಕಡಿಮೆಗೆ ಸಿಗುತ್ತದೆ. ಮರುಮಾರಾಟದಲ್ಲಿ ಮಾತ್ರ ಇವುಗಳಿಗೆ ಬೆಲೆ ಬಾರದು. ಬಹಳ ವರ್ಷ ಇಟ್ಟುಕೊಂಡು ಆಡುವವರಿಗೆ ಅದು ನಷ್ಟವೇನಲ್ಲ.

ಅಮೆರಿಕ, ಕೆನಡಾ, ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಈ ನಾಲ್ಕನೆಯ ದಾರಿ ಮನೆಬಾಗಿಲಲ್ಲೇ ಇದೆ. ಅಲ್ಲಿರುವ ಬಂಧುಗಳಿಂದ ಊರಿಗೆ ತರಿಸಿಕೊಳ್ಳುವವರು "ಒಳ್ಳೆ ಸೆಟ್ ಒಂದು ತಗೊಂಡು ಬಾ" ಎಂದು ಹೇಳಿ ಸುಮ್ಮನಾಗಬಾರದು. ಮೇಲಿನ ಐದು ಅಳತೆಯ ಚೀಟಿಯನ್ನು ಕಳಿಸಿ. ವಿಮಾನದಲ್ಲಿ ಗಾಲ್ಫ್ ಚೀಲಕ್ಕಿರುವ ತೂಕದ ನಿಯಮ, ಇಲ್ಲಿ ಕಸ್ಟಮ್ಸ್ ಸುಂಕದ ನಿಯಮ ಎರಡನ್ನೂ ಹೊರಡುವ ಮೊದಲೇ ವಿಚಾರಿಸಿಕೊಂಡು, ಬಿಲ್ಲನ್ನು ಜೊತೆಗಿಡಲು ಹೇಳಿ.

ಎಷ್ಟು ಕ್ಲಬ್ ಬೇಕು?

ನಿಯಮ 14ರವರೆಗೆ ಒಪ್ಪುತ್ತದೆ, 14 ಇರಲೇಬೇಕೆಂದು ಎಲ್ಲೂ ಹೇಳಿಲ್ಲ. ಖರ್ಚು ಉಳಿಸುವ ಮೊದಲ ಹೆಜ್ಜೆ ಸಂಖ್ಯೆ ಇಳಿಸುವುದು. ಕಲಿಯುವವರಿಗೆ ಒಂದು ಡ್ರೈವರ್ ಅಥವಾ 3-ವುಡ್, ಒಂದು ಹೈಬ್ರಿಡ್, 6ರಿಂದ 9ರವರೆಗಿನ ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್, ಇಷ್ಟು ಸಾಕು. ಒಂಬತ್ತು ಕ್ಲಬ್‌ಗಳನ್ನು ಸರಿಯಾಗಿ ಹೊಂದಿಸಲು ಆಗುವ ಖರ್ಚಿನಲ್ಲಿ ಹದಿನಾಲ್ಕನ್ನು ಅರೆಬರೆ ಕೊಳ್ಳುವುದರಲ್ಲಿ ಅರ್ಥವಿಲ್ಲ. ಉದ್ದ ಐರನ್‌ಗಳಾದ 3, 4, 5ನ್ನು ಎತ್ತಿ ಹೊಡೆಯಲು ವೇಗ ಬೇಕು, ಹೊಸಬರ ಚೀಲದಲ್ಲಿ ಅವು ಭಾರ ಹೊರಿಸುವುದೇ ಹೆಚ್ಚು.

ಸಂಖ್ಯೆ ನೋಡಿ ಮೋಸಹೋಗದೆ ಲಾಫ್ಟ್ ಡಿಗ್ರಿಯನ್ನೇ ಓದಿ. ಕೆಲವು ದಶಕಗಳ ಹಿಂದೆ 7-ಐರನ್ ಎಂದರೆ ಸುಮಾರು 36 ಡಿಗ್ರಿ ಇತ್ತು. ಈಗಿನ 'ದೂರ ಹೊಡೆಯುವ' ಸೆಟ್‌ಗಳಲ್ಲಿ ಅದು 30 ಡಿಗ್ರಿಗೂ ಕೆಳಗಿಳಿದಿದೆ. ಅಂಥ ಸೆಟ್ಟಿನ ಪಿಚಿಂಗ್ ವೆಜ್ 43–44 ಡಿಗ್ರಿ ಇದ್ದು, ಸ್ಯಾಂಡ್ ವೆಜ್ 56 ಇದ್ದರೆ ನಡುವೆ ದೊಡ್ಡ ಕಂದಕ ಬಿದ್ದಂತೆ. ಆ ಅಂತರದ ಹೊಡೆತಕ್ಕೆ ನಿಮ್ಮ ಬಳಿ ಕ್ಲಬ್ಬೇ ಇರುವುದಿಲ್ಲ. ಹಳೆಯದು, ಹೊಸದು ಬೆರೆಸಿ ಕೊಳ್ಳುವವರು ಪ್ರತಿ ಕ್ಲಬ್ಬಿನ ಲಾಫ್ಟನ್ನು ಯಂತ್ರದಲ್ಲಿ ಅಳೆಸಿ, ನಡುವಿನ ಅಂತರ ನಾಲ್ಕೈದು ಡಿಗ್ರಿಯಷ್ಟಿರುವಂತೆ ನೋಡಿಕೊಳ್ಳಲಿ.

ಹಣ ಎಲ್ಲಿ ಹಾಕಬೇಕು?

ಹೆಚ್ಚಿನವರು ಡ್ರೈವರ್‌ಗೆ ಸುರಿಯುತ್ತಾರೆ, ಪಟರ್‌ಗೆ ಉಳಿದದ್ದನ್ನು ಕೊಡುತ್ತಾರೆ. ಪಾರ್ 72ರ ಕೋರ್ಸ್‌ನಲ್ಲಿ ಹೋಲಿಗೆ ಎರಡರಂತೆ 36 ಹೊಡೆತ ಪಟರ್‌ಗೆಂದೇ ಲೆಕ್ಕಹಾಕಿರುವುದು. ಡ್ರೈವರ್ ಹೊರಬರುವುದು ಹೆಚ್ಚೆಂದರೆ ಹದಿನಾಲ್ಕು ಸಲ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಮುಗಿಸಿದಾಗ ಇಡೀ ದೇಶ ಆ ಕೊನೆಯ ಸುತ್ತನ್ನು ಕಣ್ಣಿಟ್ಟು ನೋಡಿತು. ಅವರಿಗಿಂತ ಬಹಳ ದೂರ ಹೊಡೆಯುವವರು ಅಲ್ಲಿ ಅನೇಕರಿದ್ದರು. ಅದಿತಿಯನ್ನು ಪದಕದ ಹೊಸ್ತಿಲವರೆಗೆ ಕರೆದೊಯ್ದದ್ದು ಗ್ರೀನ್ ಸುತ್ತಲಿನ ಆಟ ಮತ್ತು ಪಟಿಂಗ್. ಸಾಮಾನ್ಯ ಪಟರ್ 34 ಅಥವಾ 35 ಇಂಚು ಉದ್ದವಿರುತ್ತದೆ. ಎತ್ತರ ಕಡಿಮೆ ಇರುವವರು ಅದನ್ನು ಹಿಡಿದಾಗ ಮೊಣಕೈ ಪಕ್ಕಕ್ಕೆ ಚಾಚಿಕೊಳ್ಳುತ್ತದೆ, ಕಣ್ಣು ಚೆಂಡಿನ ಮೇಲೆ ಬರುವುದಿಲ್ಲ. ಒಂದೆರಡು ಇಂಚು ಕತ್ತರಿಸಿ ಗ್ರಿಪ್ ಹಾಕಿಸುವುದು ಅತಿ ಅಗ್ಗದ, ಅತಿ ಲಾಭದ ತಿದ್ದುವಿಕೆ.

ನನ್ನನ್ನು ಕೇಳಿದರೆ ಹಣದ ಕ್ರಮ ಹೀಗಿರಬೇಕು: ಮೊದಲು ಎಲ್ಲ ಕ್ಲಬ್‌ಗಳಿಗೂ ಸರಿಯಾದ ಗ್ರಿಪ್, ಆಮೇಲೆ ಪಟರ್, ಆಮೇಲೆ ಐರನ್ ಮತ್ತು ವೆಜ್‌ಗಳ ಉದ್ದ, ಲೈ, ಅದಾದ ಮೇಲೆ ಶಾಫ್ಟ್. ಡ್ರೈವರ್ ಕೊನೆಗೆ. ನಮ್ಮ ಮಳೆಗಾಲಕ್ಕೆ, ಬೆವರುವ ಕೈಗಳಿಗೆ ನೂಲು ಬೆರೆತ ಕಾರ್ಡ್ ಗ್ರಿಪ್ ಒಳ್ಳೆಯದು.

ಕಟ್ಟುವವರನ್ನು ಕೇಳಬೇಕಾದ ಪ್ರಶ್ನೆಗಳು

ಗಾಲ್ಫ್ ಅಂಗಡಿಗಳಲ್ಲಿ, ಅಕಾಡೆಮಿಗಳಲ್ಲಿ, ಕೋರ್ಸ್‌ಗಳ ಪ್ರೊ ಶಾಪ್‌ಗಳಲ್ಲಿ ಕ್ಲಬ್ ತಿದ್ದುವ, ಕಟ್ಟುವ ಕುಶಲಿಗಳನ್ನು ವಿಚಾರಿಸಿ. ಹಣ ಕೊಡುವ ಮೊದಲು ಸಂಕೋಚವಿಲ್ಲದೆ ಇವಿಷ್ಟನ್ನು ಕೇಳಿ:

• ಲಾಫ್ಟ್, ಲೈ ಅಳೆದು ಬಗ್ಗಿಸುವ ಯಂತ್ರ ನಿಮ್ಮಲ್ಲಿದೆಯೇ? ಕಣ್ಣಂದಾಜಿನ ಕೆಲಸ ಬೇಡ.
• ಸ್ವಿಂಗ್ ವೇಟ್ ತಕ್ಕಡಿ ಇದೆಯೇ? ಕೆಲಸಕ್ಕೆ ಮೊದಲು, ನಂತರ ಎರಡೂ ಅಂಕಿ ಬರೆದು ಕೊಡುತ್ತೀರಾ?
• ಹೆಡ್ ಯಾವ ತಯಾರಕರದ್ದು, ಶಾಫ್ಟ್ ಯಾವ ಮಾದರಿ, ಎಷ್ಟು ಗ್ರಾಂ?
• ಅಂಟು ಒಣಗಲು ಎಷ್ಟು ಹೊತ್ತು ಬಿಡುತ್ತೀರಿ? ಸಾಮಾನ್ಯ ಎಪಾಕ್ಸಿಗೆ ಒಂದು ದಿನ ಬೇಕು.
• ಹೆಡ್ ಸಡಿಲವಾದರೆ ಮತ್ತೆ ಕೂರಿಸಿ ಕೊಡುತ್ತೀರಾ? ಒಂದು ತಿಂಗಳು ಆಡಿದ ಮೇಲೆ ಲೈ ಮತ್ತೆ ನೋಡುತ್ತೀರಾ?

ಸ್ವಿಂಗ್ ವೇಟ್ ಎಂದರೆ ಬೀಸುವಾಗ ಹೆಡ್ ಎಷ್ಟು ಭಾರವೆನಿಸುತ್ತದೆ ಎಂಬುದರ ಅಂಕಿ. ಗಂಡಸರ ಕ್ಲಬ್‌ಗಳಲ್ಲಿ ಸಾಮಾನ್ಯವಾಗಿ ಡಿ0, ಡಿ1 ಎಂದು ಬರೆದಿರುತ್ತಾರೆ. ಶಾಫ್ಟನ್ನು ಅರ್ಧ ಇಂಚು ಕತ್ತರಿಸಿದರೆ ಇದು ಸುಮಾರು ಮೂರು ಅಂಕ ಇಳಿಯುತ್ತದೆ, ಹೆಡ್ ಕೈಗೆ ಸಿಗದಷ್ಟು ಹಗುರವೆನಿಸುತ್ತದೆ. ಹೆಡ್ಡಿಗೆ ಎರಡು ಗ್ರಾಂ ಸೀಸದ ಟೇಪು ಹಚ್ಚಿದರೆ ಒಂದು ಅಂಕ ಮರಳುತ್ತದೆ. ಕತ್ತರಿಸಿ ಕೊಟ್ಟು ಈ ವಿಷಯ ಎತ್ತದೆ ಇರುವವರು ಅರ್ಧ ಕೆಲಸ ಮಾಡಿದ್ದಾರೆ ಎಂದೇ ತಿಳಿಯಿರಿ. ಉದ್ದ ಬದಲಾದರೆ ಲೈಯೂ ಬದಲಾದಂತೆ ವರ್ತಿಸುತ್ತದೆ. ಆದ್ದರಿಂದ ಮೊದಲು ಉದ್ದ, ಆಮೇಲೆ ಲೈ, ಈ ಕ್ರಮ ತಪ್ಪಬಾರದು.

ಎಚ್ಚರಿಕೆಗಳು

ನಕಲಿ ಕ್ಲಬ್‌ಗಳ ಹಾವಳಿ ಜಗತ್ತಿನೆಲ್ಲೆಡೆ ಇದೆ. ಹೆಸರಾಂತ ಹೊಸ ಮಾದರಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಪ್ಲಾಸ್ಟಿಕ್ ಸುತ್ತಿಕೊಂಡೇ ಬಂದರೆ ಅನುಮಾನಿಸಿ. ಹೋಸೆಲ್ ಮೇಲಿನ ಸರಣಿ ಸಂಖ್ಯೆಯನ್ನು ಕಂಪನಿಗೆ ಕಳಿಸಿ ವಿಚಾರಿಸಿ. ಟೈಟಾನಿಯಂ ಡ್ರೈವರ್ ಎಂದು ಮಾರಿದ್ದರ ಮುಖಕ್ಕೆ ಅಯಸ್ಕಾಂತ ಅಂಟಿದರೆ ಅದು ಟೈಟಾನಿಯಂ ಅಲ್ಲ. ಸ್ಪರ್ಧೆಗಳಲ್ಲಿ ಆಡುವ ಆಸೆಯಿದ್ದರೆ ಡ್ರೈವರ್ ಹೆಡ್ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಪ್ರಕಟಿಸುವ ಮಾನ್ಯತೆಯ ಪಟ್ಟಿಯಲ್ಲಿ ಇದೆಯೇ ನೋಡಿ. ಹೆಡ್ಡಿನ ಗಾತ್ರ 460 ಘನ ಸೆಂಟಿಮೀಟರ್ ಮೀರುವಂತಿಲ್ಲ. ಉದ್ದದ ಮಿತಿ 48 ಇಂಚು, ವೃತ್ತಿಪರ ಸ್ಪರ್ಧೆಗಳಲ್ಲಿ ಅದನ್ನು 46ಕ್ಕೆ ಇಳಿಸುವ ಅವಕಾಶ 2022ರಿಂದ ಇದೆ.

ಮಕ್ಕಳಿಗೆ ಅಪ್ಪನ ಹಳೆಯ ಕ್ಲಬ್ಬನ್ನು ಕತ್ತರಿಸಿ ಕೊಡಬೇಡಿ. ಕತ್ತರಿಸಿದ ಶಾಫ್ಟ್ ಇನ್ನೂ ಬಿಗಿಯಾಗುತ್ತದೆ, ಹೆಡ್ ದೊಡ್ಡವರದ್ದೇ ಭಾರ ಉಳಿಯುತ್ತದೆ. ಅದನ್ನು ಬೀಸಲು ಮಗು ಮೈಯೆಲ್ಲ ತಿರುಚಿ ಕೆಟ್ಟ ಅಭ್ಯಾಸ ಕಲಿಯುತ್ತದೆ. ಮಕ್ಕಳಿಗಾಗಿಯೇ ಮಾಡಿದ ಹಗುರ ಕ್ಲಬ್ ಮೂರು ನಾಲ್ಕು ಸಾಕು. ಬೆಳೆದಂತೆ ಅದನ್ನು ಇನ್ನೊಂದು ಮಗುವಿಗೆ ದಾಟಿಸಿ, ಮುಂದಿನ ಅಳತೆಯದ್ದನ್ನು ಯಾರಿಂದಲಾದರೂ ಪಡೆಯಿರಿ. ಕೋರ್ಸ್‌ನ ಪೋಷಕರೆಲ್ಲ ಸೇರಿ ಇಂಥ ವಿನಿಮಯ ನಡೆಸಿದರೆ ಬಹಳ ಮಕ್ಕಳಿಗೆ ಅನುಕೂಲ. ಬಿಡದಿ ಬಳಿಯ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾದದ್ದು, ಮೈಸೂರಿನ ಪ್ರಣವಿ ಅರಸ್ ದೇಶದ ಮುಂಚೂಣಿಯ ಆಟಗಾರ್ತಿಯಾದದ್ದು ನಮ್ಮ ಕಣ್ಣೆದುರಿಗಿದೆ. ಮುಂದಿನ ಪ್ರತಿಭೆಗಳು ಕ್ಲಬ್ಬಿನ ಬೆಲೆಗೆ ಹೆದರಿ ಹಿಂದೆ ಸರಿಯಬಾರದು.

ಮಹಿಳೆಯರು 'ಲೇಡೀಸ್' ಎಂದು ಬರೆದ ಸೆಟ್ಟನ್ನೇ ಕೊಳ್ಳಬೇಕೆಂದಿಲ್ಲ. ಎತ್ತರದ, ವೇಗದ ಬೀಸಿರುವ ಮಹಿಳೆಗೆ ಸೀನಿಯರ್ ಅಥವಾ ರೆಗ್ಯುಲರ್ ಶಾಫ್ಟ್ ಒಪ್ಪುತ್ತದೆ. ಅರವತ್ತು ದಾಟಿದ ಗಂಡಸರು ಹಗುರ ಗ್ರಾಫೈಟ್ ಶಾಫ್ಟ್ ಹಾಕಿಸಿಕೊಳ್ಳಲು ಹಿಂಜರಿಯುವುದೂ ಬೇಡ. ಅಳತೆ ತೆಗೆಯುವಾಗ ವಯಸ್ಸು, ಲಿಂಗದ ಲೇಬಲ್‌ಗಿಂತ ಟೇಪು ಮತ್ತು ಯಂತ್ರ ಹೇಳುವುದನ್ನೇ ನಂಬಿ. ಎಡಗೈ ಆಟಗಾರರಿಗೆ ಹಳೆಯ ಸೆಟ್ ಸಿಗುವುದು ಕಷ್ಟ. ಅವರಿಗೆ ಕಂಪನಿಯಿಂದ ತರಿಸುವ ಅಥವಾ ಬಿಡಿಭಾಗಗಳಿಂದ ಕಟ್ಟಿಸುವ ದಾರಿಯೇ ಹೆಚ್ಚು ಫಲಕಾರಿ.

ಕೈಗೆ ಬಂದ ಮೇಲೆ

ಕಟ್ಟಿಸಿದ ಕ್ಲಬ್ ಬಂದ ದಿನವೇ ಟೇಪು ಹಿಡಿದು ಉದ್ದ ಪರೀಕ್ಷಿಸಿ. ಐರನ್‌ಗಳನ್ನು ಸಾಲಾಗಿ ಗೋಡೆಗೆ ನಿಲ್ಲಿಸಿದರೆ ಒಂದರಿಂದ ಇನ್ನೊಂದಕ್ಕೆ ಅರ್ಧ ಇಂಚಿನ ಮೆಟ್ಟಿಲು ಕಾಣಬೇಕು. ಗ್ರಿಪ್ಪಿನ ಗೆರೆ ಮುಖಕ್ಕೆ ನೇರವಾಗಿದೆಯೇ ನೋಡಿ. ಗೆರೆ ಓರೆಯಾಗಿದ್ದರೆ ನಿಮಗೆ ಅರಿವಿಲ್ಲದೆ ಮುಖವೂ ಓರೆಯಾಗುತ್ತದೆ. ಮಾರ್ಕರ್ ಗೆರೆಯ ಪರೀಕ್ಷೆಯನ್ನು ರೇಂಜಿನಲ್ಲಿ ಮತ್ತೆ ಮಾಡಿ, ತಪ್ಪಿದ್ದರೆ ವಾರದೊಳಗೆ ಹಿಂದಕ್ಕೆ ಒಯ್ಯಿರಿ. ಮೆದು ಉಕ್ಕಿನ ಹೆಡ್‌ಗಳು ಮ್ಯಾಟ್ ಮೇಲೆ ಹೊಡೆದು ಹೊಡೆದು ಕ್ರಮೇಣ ಬಗ್ಗುವುದರಿಂದ ವರ್ಷಕ್ಕೊಮ್ಮೆ ಲಾಫ್ಟ್, ಲೈ ಅಳೆಸುವುದು ಒಳ್ಳೆಯ ರೂಢಿ. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ದಿನಗಟ್ಟಲೆ ಕ್ಲಬ್ ಬಿಡಬೇಡಿ. ಶಾಖಕ್ಕೆ ಅಂಟೂ ಗ್ರಿಪ್ಪೂ ಬೇಗ ಸೋಲುತ್ತವೆ.

ಗಾಲ್ಫ್ ದುಬಾರಿ ಆಟ ಎಂಬ ಮಾತಿನಲ್ಲಿ ನಿಜವಿದೆ. ಕೋರ್ಸ್‌ನ ಶುಲ್ಕ, ಸದಸ್ಯತ್ವ ನಮ್ಮ ಕೈಯಲ್ಲಿಲ್ಲ. ಆದರೆ ಕ್ಲಬ್ಬಿನ ಖರ್ಚು ಬಹುಮಟ್ಟಿಗೆ ನಮ್ಮ ತಿಳಿವಳಿಕೆಯ ಕೈಯಲ್ಲಿದೆ. ಈ ವಾರ ನಿಮ್ಮ ಮಣಿಕಟ್ಟಿನ ಅಳತೆ ತೆಗೆಸಿ, ಮನೆಯಲ್ಲಿರುವ 7-ಐರನ್ನಿನ ಮೇಲೆ ಮಾರ್ಕರ್ ಪರೀಕ್ಷೆ ಮಾಡಿ. ಅದರ ಫಲಿತಾಂಶ ಬರೆದ ಚೀಟಿಯಿಲ್ಲದೆ ಯಾವ ಅಂಗಡಿಯಲ್ಲೂ ಒಂದು ರೂಪಾಯಿ ಕೊಡಬೇಡಿ. ಅದನ್ನು ಓದಿ ಉತ್ತರ ಹೇಳಬಲ್ಲ ಅಂಗಡಿಯವರೇ ನಿಮ್ಮ ಹಣಕ್ಕೆ ಅರ್ಹರು.